ಎದೆಹಾಲು ಬಿಡಿಸಬೇಡಿ, ತಾಯಿಯ ತಟ್ಟೆ ಬದಲಿಸಲು ನೆರವಾಗಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಬಂತೆಂದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಸ್ತನ್ಯಪಾನ ಸಪ್ತಾಹದ ಭಿತ್ತಿಪತ್ರಗಳು ಕಾಣಿಸುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ, ಆರು ತಿಂಗಳು ತುಂಬುವವರೆಗೆ ಬೇರೇನೂ ಕೊಡಬೇಡಿ, ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಸಿ ಎಂದು ಅವು ಹೇಳುತ್ತವೆ. ಈ ಮೂರು ಮಾತನ್ನೂ ಮನಸಾರೆ ನಂಬಿದವಳು ನಾನು. ಆದರೆ ಎದೆಹಾಲನ್ನಷ್ಟೇ ಕುಡಿಯುತ್ತಿರುವ ಕೂಸಿನ ಮಲದಲ್ಲಿ ರಕ್ತ ಕಂಡರೆ ತಾಯಿ ಏನು ಮಾಡಬೇಕು ಎಂಬುದನ್ನು ಆ ಗೋಡೆಯಾಗಲಿ, ಬಸುರಿನಲ್ಲಿ ಕೈಗೆ ಕೊಟ್ಟ ತಾಯಿ ಕಾರ್ಡ್ ಆಗಲಿ ನನಗೆ ಹೇಳಿರಲಿಲ್ಲ. ನನ್ನ ಮಗಳಿಗೆ ಈಗ ಹದಿನಾಲ್ಕು ತಿಂಗಳು. ನಾವು ಪಟ್ಟ ಪಾಡು ನಮ್ಮ ಜಿಲ್ಲೆಯ ಇನ್ನೊಬ್ಬ ಬಾಣಂತಿಗೆ ಬರಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಮಗಳಿಗೆ ಏಳು ವಾರವಾಗಿದ್ದಾಗ, ತವರುಮನೆಯಲ್ಲಿ ಬಾಣಂತನದಲ್ಲಿದ್ದೆ. ಒಂದು ಬೆಳಿಗ್ಗೆ ಬಿಳಿಯ ಹಳೇ ಪಂಚೆಯ ಬಟ್ಟೆಯ ಮೇಲೆ ಲೋಳೆಯ ಜೊತೆಗೆ ಕೆಂಪು ದಾರದ ಎಳೆಯಂತೆ ರಕ್ತ ಕಂಡಿತು. ಮಗು ನಗುತ್ತಿತ್ತು, ಹಾಲು ಕುಡಿಯುತ್ತಿತ್ತು, ತೂಕವೂ ಏರುತ್ತಿತ್ತು. ಆದರೂ ಮರುದಿನ ಮತ್ತೆ ಕಂಡಿತು, ಮೂರನೆಯ ದಿನವೂ ಕಂಡಿತು. ಕರೆದುಕೊಂಡು ಹೋದ ಮೊದಲ ದವಾಖಾನೆಯಲ್ಲಿ ಐದು ನಿಮಿಷವೂ ನೋಡದೆ ಹೇಳಿದ ಮಾತು ಇದು: "ನಿಮ್ಮ ಹಾಲು ಮಗುವಿಗೆ ಆಗಿಬರುತ್ತಿಲ್ಲ, ನಿಲ್ಲಿಸಿಬಿಡಿ, ಡಬ್ಬಿ ಪುಡಿ ಕೊಡಿ." ನಾವು ನಿಲ್ಲಿಸಿದೆವು. ಎರಡು ದಿನಕ್ಕೆ ನನ್ನ ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂತು. ಇತ್ತ ಮಗುವಿನ ಮಲದಲ್ಲಿ ರಕ್ತ ಕಡಿಮೆಯಾಗುವುದಿರಲಿ, ಹೆಚ್ಚಾಯಿತು. ಹೆಚ್ಚಾಗಲೇಬೇಕಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ, ಏಕೆಂದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಬ್ಬಿ ಪುಡಿ ತಯಾರಾಗುವುದೇ ಹಸುವಿನ ಹಾಲಿನಿಂದ, ಮತ್ತು ನನ್ನ ಮಗಳಿಗೆ ಆಗದಿದ್ದದ್ದು ಅದೇ ಹಸುವಿನ ಹಾಲು.

ಚಿತ್ರದುರ್ಗದ ಮಕ್ಕಳ ವೈದ್ಯೆಯೊಬ್ಬರು ಮತ್ತೆ ಎದೆಹಾಲು ಶುರುಮಾಡಿಸಿ, ಇದನ್ನು ನನಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಯಾವ ಮಗುವಿಗೂ ತಾಯಿಯ ಹಾಲೇ ಅಲರ್ಜಿಯಾಗುತ್ತಿದೆ ಎಂದು ತಿಳಿಯಬಾರದು, ತಾಯಿ ಉಂಡ ಆಹಾರದ ಪ್ರೋಟೀನ್ ಅತ್ಯಲ್ಪ ಪ್ರಮಾಣದಲ್ಲಿ ಜೀರ್ಣವಾಗದೆ ರಕ್ತಕ್ಕೆ ಸೇರಿ, ಅಲ್ಲಿಂದ ಎದೆಹಾಲಿಗೆ ಬರುತ್ತದೆ ಎಂದರು. ಹಸುವಿನ ಹಾಲಿನಲ್ಲಿ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಇದೆ. ಮನುಷ್ಯರ ಹಾಲಿನಲ್ಲಿ ಅದು ಸಹಜವಾಗಿ ಉತ್ಪತ್ತಿಯಾಗುವುದೇ ಇಲ್ಲ. ಅಲ್ಲಿ ಕಂಡರೆ ತಾಯಿ ಕುಡಿದ ಹಸುವಿನ ಹಾಲಿನಿಂದ ಬಂದದ್ದೆಂದೇ ಅರ್ಥ. ಅದರ ಪ್ರಮಾಣವನ್ನು ಅಳೆಯುವುದು ನ್ಯಾನೋಗ್ರಾಂನಲ್ಲಿ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಬಹುಪಾಲು ಕೂಸುಗಳಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ನನ್ನ ಮಗಳಂಥ ಕೆಲವರಿಗೆ ಮಾತ್ರ ದೊಡ್ಡ ಕರುಳಿನ ಒಳಪದರ ಕೆರಳಿ ರಕ್ತ ಒಸರುತ್ತದೆ. ಇಂಥ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಬೆಳೆಯುತ್ತಿರುತ್ತಾರೆ, ಹೆಚ್ಚಿನವರಿಗೆ ಒಂದು ವರ್ಷದ ಆಸುಪಾಸಿನಲ್ಲಿ ತಾನಾಗಿಯೇ ಇದು ಹೋಗುತ್ತದೆ. ಈ ಬಗೆಯ ಅಲರ್ಜಿ ರಕ್ತಪರೀಕ್ಷೆಯಲ್ಲೂ ಚರ್ಮದ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲವಾದ್ದರಿಂದ ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಡಿ ಎಂದೂ ಅವರು ಎಚ್ಚರಿಸಿದರು. ಸಂಶಯವಿರುವ ಆ ಒಂದು ಆಹಾರವನ್ನು ತಾಯಿ ಎರಡರಿಂದ ನಾಲ್ಕು ವಾರ ಪೂರ್ತಿ ಬಿಟ್ಟು ನೋಡುವುದು, ಮಗು ಸುಧಾರಿಸಿದರೆ ಅದನ್ನು ಮತ್ತೆ ತಿಂದು ನೋಡುವುದು, ತೊಂದರೆ ಮರಳಿದರೆ ಮಾತ್ರ ಅದನ್ನು ಅಲರ್ಜಿ ಎಂದು ಒಪ್ಪುವುದು, ಇದೇ ಪರೀಕ್ಷೆ.

ಹೇಳುವುದಕ್ಕೆ ಸುಲಭ, ಆದರೆ ನಮ್ಮ ಮನೆಗಳಲ್ಲಿ ಬಾಣಂತಿ ಹಾಲು ಬಿಡುವುದೆಂದರೆ ಸಣ್ಣ ಮಾತಲ್ಲ. "ಹಾಲು ಕುಡೀದಿದ್ರೆ ಎದೆಹಾಲು ಎಲ್ಲಿಂದ ಬರ್ತೈತವ್ವ?" ಎಂದು ನನ್ನ ಅವ್ವ ಕಣ್ಣೀರು ಹಾಕಿದರು. ಅವರು ಮಾಡಿಟ್ಟಿದ್ದ ಅಂಟಿನುಂಡೆಯಲ್ಲಿ ತುಪ್ಪವಿತ್ತು, ಅನ್ನದ ಮೇಲೆ ತುಪ್ಪವಿತ್ತು, ತುಪ್ಪದಲ್ಲೂ ಹಾಲಿನ ಪ್ರೋಟೀನ್ ಅಲ್ಪಸ್ವಲ್ಪ ಉಳಿದಿರುತ್ತದೆ ಎಂದು ಅವರನ್ನು ನಂಬಿಸಲು ನನಗೆ ವಾರ ಹಿಡಿಯಿತು. ಹಸುವಿನ ಹಾಲು ಬೇಡವಾದರೆ ಮೇಕೆ ಹಾಲು ಕುಡಿ ಎಂದರು ನೆರೆಯವರು, ಎಮ್ಮೆ ಹಾಲು ಕುಡಿ ಎಂದರು ಇನ್ನೊಬ್ಬರು. ಹಸು, ಎಮ್ಮೆ, ಮೇಕೆ, ಕುರಿ ಇವುಗಳ ಹಾಲಿನ ಪ್ರೋಟೀನ್‌ಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಒಂದು ಆಗದ ಮಗುವಿಗೆ ಬಹುತೇಕ ಉಳಿದವೂ ಆಗುವುದಿಲ್ಲ. ನನ್ನ ಎದೆಹಾಲು ಬತ್ತಲಿಲ್ಲ ಎಂಬುದನ್ನು ಅವ್ವ ಕಣ್ಣಾರೆ ಕಂಡ ಮೇಲೆಯೇ ನನ್ನ ಪಕ್ಷಕ್ಕೆ ಬಂದರು. ಹಾಲು ಹೆಚ್ಚುವುದು ಮಗು ಚೀಪಿ ಕುಡಿದಷ್ಟು, ಲೋಟದ ಹಾಲಿನಿಂದಲ್ಲ.

ಮೂರು ವಾರ ಹಾಲು ಬಿಟ್ಟ ಮೇಲೆ ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ. ವೈದ್ಯೆಯ ಸಲಹೆಯಂತೆ ನಾನು ತಿಂದದ್ದನ್ನೆಲ್ಲ ಹೊತ್ತು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೂ, ಮಗುವಿನ ಮಲದ ಬಣ್ಣವನ್ನು ಬಲಕ್ಕೂ ಬರೆಯುತ್ತಾ ಹೋದೆ. ಮೊಟ್ಟೆ ಬಿಟ್ಟಾಗ ಇನ್ನಷ್ಟು ಸುಧಾರಿಸಿತು. ಕೊನೆಗೆ ಉಳಿದದ್ದು ಶೇಂಗಾ. ಚಳ್ಳಕೆರೆ ಸೀಮೆಯವರಿಗೆ ಶೇಂಗಾ ಬಿಡು ಎಂದರೆ ಅಡುಗೆಮನೆಯನ್ನೇ ಬಿಡು ಎಂದಂತೆ. ಒಗ್ಗರಣೆಗೆ ಶೇಂಗಾ ಎಣ್ಣೆ, ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಪೂರ್ತಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಗಾಣದಲ್ಲಿ ಹಿಂಡಿದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತರಿಸುತ್ತಿದ್ದದ್ದು ಗಾಣದೆಣ್ಣೆಯೇ. ಅದನ್ನು ಬದಲಿಸಿದ ಹತ್ತನೆಯ ದಿನದಿಂದ ನನ್ನ ನೋಟ್‌ಬುಕ್ಕಿನ ಬಲಬದಿಯಲ್ಲಿ "ಹಳದಿ, ರಕ್ತ ಇಲ್ಲ" ಎಂಬ ಒಂದೇ ಸಾಲು ಪುಟದುದ್ದಕ್ಕೂ ಬಂದಿದೆ. ಆಮೇಲೆ ವೈದ್ಯೆ ಹೇಳಿದಂತೆ ಬೇಕೆಂದೇ ಒಂದು ಲೋಟ ಹಾಲಿನ ಕಾಫಿ ಕುಡಿದೆ, ಮೂರನೆಯ ದಿನಕ್ಕೆ ಎಳೆ ಮತ್ತೆ ಕಂಡಿತು. ಮೊಟ್ಟೆಗೂ ಶೇಂಗಾಕ್ಕೂ ಬೇರೆಬೇರೆಯಾಗಿ ಹೀಗೆಯೇ ನೋಡಿ ಖಚಿತಪಡಿಸಿಕೊಂಡೆವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಳುವ ಮಗುವಿಗೆಲ್ಲ ಅಲರ್ಜಿ ಇರುವುದಿಲ್ಲ. ಹಸಿರು ಮಲ, ಸಂಜೆಯ ಅಳು, ಕುಡಿದದ್ದನ್ನು ಸ್ವಲ್ಪ ಕಕ್ಕುವುದು ಇವು ಆರೋಗ್ಯವಂತ ಕೂಸುಗಳಲ್ಲೂ ಸಾಮಾನ್ಯ, ಮಲದಲ್ಲಿ ರಕ್ತ ಕಾಣುವುದಕ್ಕೂ ಗುದದ ಬಿರುಕು, ಸೋಂಕು ಮುಂತಾದ ಬೇರೆ ಕಾರಣಗಳಿರಬಹುದು. ಆದ್ದರಿಂದ ಈ ಪತ್ರ ಓದಿ ಯಾವ ತಾಯಿಯೂ ತಾನಾಗಿ ಊಟ ಬಿಡಬಾರದು. ಅಲರ್ಜಿ ಬಂದೀತೆಂದು ಮೊದಲೇ ಹೆದರಿ ಬಸುರಿಯರು ಹಾಲು, ಮೊಟ್ಟೆ, ಶೇಂಗಾ ಬಿಡುವುದರಿಂದ ಮಗುವಿಗೆ ಪ್ರಯೋಜನವಿಲ್ಲ. ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟುವಂತಾದರೆ ಅದು ನನ್ನ ಮಗಳಿಗೆ ಬಂದಂಥ ನಿಧಾನದ ಅಲರ್ಜಿಯಲ್ಲ, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ತುರ್ತು.

ಮೂರು ಆಹಾರ ಬಿಟ್ಟ ತಾಯಿಯ ಮೈ ಏನಾಗುತ್ತದೆ ಎಂದು ಕೇಳಿದವರು ಬಹಳ ಕಡಿಮೆ. ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದೆ. ನಮ್ಮ ಪುಣ್ಯಕ್ಕೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣವಿದೆ. ಬೆಳಿಗ್ಗೆ ಹಾಲಿಲ್ಲದ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆಯ ಜೊತೆ ನುಗ್ಗೆಸೊಪ್ಪು ಹಾಕಿದ ಹುರುಳಿ ಸಾರು ನನ್ನನ್ನು ಕಾಪಾಡಿದವು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ಆರು ತಿಂಗಳವರೆಗೆ ಕೊಡುವ ಸುಣ್ಣದ ಮಾತ್ರೆ ದಿನಕ್ಕೆ ಎರಡರಂತೆ, ಒಟ್ಟು 1000 ಮಿಲಿಗ್ರಾಂ ಆಗುತ್ತದೆ. ನಾವು ಕೋಳಿ, ಮೀನು ತಿನ್ನುವವರಾದ್ದರಿಂದ ಇಷ್ಟರಲ್ಲಿ ಸುಧಾರಿಸಿದೆ. ಶಾಕಾಹಾರಿ ತಾಯಿಯೊಬ್ಬಳು ಹಾಲು ಮೊಸರನ್ನೂ ಬಿಟ್ಟರೆ ಅವಳಿಗೆ ಬಿ12 ಜೀವಸತ್ವ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ. ತಾಯಿಯಲ್ಲಿ ಅದು ಕೊರತೆಯಾದರೆ ಎದೆಹಾಲಿನಲ್ಲೂ ಕೊರತೆಯಾಗಿ ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಹಾಲು ಬಿಡಿ ಎಂದು ಚೀಟಿ ಬರೆಯುವ ವೈದ್ಯರು ಅದೇ ಚೀಟಿಯಲ್ಲಿ ಸುಣ್ಣ ಮತ್ತು ಬಿ12 ಮಾತ್ರೆಯನ್ನೂ ಬರೆಯಲೇಬೇಕು.

ಸರ್ಕಾರಕ್ಕೆ ನನ್ನ ಮುಖ್ಯ ವಿನಂತಿ ಅಂಗನವಾಡಿಗೆ ಸಂಬಂಧಿಸಿದ್ದು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಪೌಷ್ಟಿಕ ಊಟ ಕೊಡುವ ಒಳ್ಳೆಯ ಯೋಜನೆ, ಅದರ ಬಗ್ಗೆ ನನಗೆ ಕೃತಜ್ಞತೆಯಿದೆ. ಅನ್ನ ಸಾಂಬಾರಿನ ಜೊತೆ ಅದರಲ್ಲಿ ಸೇರಿಸಿರುವ ಮೂರು ಮುಖ್ಯ ವಸ್ತುಗಳು 200 ಮಿಲಿಲೀಟರ್ ಹಾಲು, ಮೊಟ್ಟೆ ಮತ್ತು ಶೇಂಗಾ ಚಿಕ್ಕಿ. ನನ್ನ ಮಗಳಿಗೆ ಆಗದ ಮೂರೂ ಅವೇ. ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆ ಅಕ್ಕ ನನ್ನ ಚೀಟಿ ನೋಡಿ ಮರುಗಿದರು, ಆದರೆ ಬದಲಿಗೆ ಬೇರೇನಾದರೂ ಕೊಡಲು ತಮಗೆ ಆದೇಶವಿಲ್ಲ ಎಂದರು. ಅವರದು ತಪ್ಪಲ್ಲ. ವೈದ್ಯರ ಚೀಟಿ ತಂದ ತಾಯಿಗೆ ಆ ಮೂರರ ಬದಲು ಅಷ್ಟೇ ಬೆಲೆಯ ರಾಗಿ, ಹುರುಳಿ, ಮೊಳಕೆ ಕಟ್ಟಿದ ಹೆಸರುಕಾಳು, ಬೆಲ್ಲವನ್ನು ಕೊಡಬಹುದು ಎಂಬ ಒಂದು ಸುತ್ತೋಲೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹೊರಡಿಸಿದರೆ ಸಾಕು. ಹೊಸ ಹಣ ಬೇಕಿಲ್ಲ, ಇರುವ ಹಣದಲ್ಲೇ ಆಗುವ ಕೆಲಸವಿದು.

ಇನ್ನೊಂದು ವಿನಂತಿ ಪೊಟ್ಟಣಗಳ ಮೇಲಿನ ಬರಹದ ಬಗ್ಗೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ, ಗೋಧಿ ಮುಂತಾದವು ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು. ಆದರೆ ಅದು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕೆಂದು ಅದೇ ನಿಯಮ ಹೇಳುತ್ತದೆ, ಅದರ ಪ್ರಕಾರ ಕನ್ನಡ ಕಡ್ಡಾಯವಲ್ಲ. ಏಳನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನ್ನ ಅವ್ವ ಬಿಸ್ಕತ್ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ಕೊನೆಗೆ ನನ್ನ ಕೈಗಿತ್ತ ದೃಶ್ಯ ನನಗಿನ್ನೂ ಮರೆತಿಲ್ಲ. ನಾನು ಓದಿದೆ. "ಮಿಲ್ಕ್ ಸಾಲಿಡ್ಸ್" ಎಂದಿತ್ತು. ಕರ್ನಾಟಕದಲ್ಲಿ ಮಾರುವ ಪೊಟ್ಟಣದಲ್ಲಿ "ಇದರಲ್ಲಿ ಹಾಲು ಇದೆ, ಶೇಂಗಾ ಇದೆ" ಎಂಬ ಒಂದು ಸಾಲನ್ನಾದರೂ ಕನ್ನಡದಲ್ಲಿ ಮುದ್ರಿಸುವಂತೆ ರಾಜ್ಯ ಸರ್ಕಾರ ಪ್ರಾಧಿಕಾರವನ್ನು ಒತ್ತಾಯಿಸಬೇಕು. ಬಿಡಿಯಾಗಿ ಮಾರುವ ಬೇಕರಿಗಳ ಬನ್ನು, ಬ್ರೆಡ್ಡಿನಲ್ಲಿ ಹಾಲಿನ ಪುಡಿ ಇದೆಯೇ ಎಂದು ಕೇಳಿದರೆ ಅಂಗಡಿಯವರು ಸರಿಯಾಗಿ ಹೇಳುವಂತಾದರೂ ಆಗಬೇಕು.

ವೈದ್ಯರಲ್ಲಿ ಕೈಮುಗಿದು ಕೇಳಿಕೊಳ್ಳುವುದು ಇಷ್ಟು: "ನಿಮ್ಮ ಹಾಲು ಆಗಿಬರುತ್ತಿಲ್ಲ" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಆ ಒಂದು ವಾಕ್ಯ ಕೇಳಿ ಬಂದ ರಾತ್ರಿ ನಾನು ನನ್ನ ಮೈಯಲ್ಲಿ ವಿಷವಿದೆಯೇನೋ ಎಂಬಂತೆ ಮಗುವಿನಿಂದ ದೂರ ಮಲಗಿದ್ದೆ, ಅದು ಹಾಲಿನ ವಾಸನೆಗೆ ತಡಕಾಡಿ ಅಳುತ್ತಿತ್ತು. ನಿಜಕ್ಕೂ ಎದೆಹಾಲು ಇಲ್ಲದ ಅಲರ್ಜಿಯ ಮಗುವಿಗೂ ಸಾಮಾನ್ಯ ಡಬ್ಬಿ ಪುಡಿ ಮದ್ದಲ್ಲ, ಪ್ರೋಟೀನನ್ನು ಮೊದಲೇ ಚೂರುಚೂರಾಗಿ ಒಡೆದು ಮಾಡಿದ ಬೇರೆ ಬಗೆಯ ಪುಡಿಗಳಿವೆ. ಅವು ದುಬಾರಿ, ಸಣ್ಣ ಊರುಗಳಲ್ಲಿ ಸಿಗುವುದೂ ಕಷ್ಟ. ಎದೆಹಾಲು ಉಳಿಸಿಕೊಳ್ಳುವುದು ನಮ್ಮಂಥ ಕುಟುಂಬಗಳಿಗೆ ಹೀಗೂ ಮುಖ್ಯ.

ತಾವು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಕ್ಕಳ ತಜ್ಞರಿಂದ ಈ ಕುರಿತು ಬರೆಸಿದರೆ ದವಾಖಾನೆ ದೂರವಿರುವ ಹಳ್ಳಿಯ ತಾಯಂದಿರಿಗೆ ಉಪಕಾರವಾಗುತ್ತದೆ. ನನ್ನ ಮಗಳಿಗೆ ಶೇಂಗಾ ಹತ್ತನೆಯ ತಿಂಗಳಿಗೆ ಆಗಿಬಂತು. ವೈದ್ಯೆಯ ಕಣ್ಣೆದುರಿಗೇ ನುಣ್ಣಗೆ ಅರೆದ ಶೇಂಗಾವನ್ನು ಬೆರಳ ತುದಿಯಷ್ಟು ನೆಕ್ಕಿಸಿ ಶುರುಮಾಡಿದೆವು. ಹಾಲಿನ ವಿಷಯದಲ್ಲಿ, ಅದು ಸೇರಿ ಚೆನ್ನಾಗಿ ಬೆಂದ ತಿನಿಸಿನಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕೆಂದಿದ್ದಾರೆ, ಈಗ ದಿನಕ್ಕೆ ಒಂದು ಬಿಸ್ಕತ್ತಿನವರೆಗೆ ಬಂದಿದ್ದೇವೆ. ಮೊಟ್ಟೆಯನ್ನು ದೀಪಾವಳಿ ಕಳೆದ ಮೇಲೆ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ನಾನೂ ಮೊಟ್ಟೆ ತಿನ್ನುವುದಿಲ್ಲ, ಏಕೆಂದರೆ ಅವಳು ಇನ್ನೂ ಎದೆಹಾಲು ಕುಡಿಯುತ್ತಿದ್ದಾಳೆ.

ಇಂತಿ ತಮ್ಮ ಓದುಗಳು,
ಒಬ್ಬ ತಾಯಿ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ