ಮೀನುಮರಿ ತರಲು ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ಕಾಟ್ಲಾ, ರೋಹು ಮರಿ ತರಲು ಹೊರಟವರು ದಯವಿಟ್ಟು ಓದಿ. ದಾರಿಯಲ್ಲಿ ಗಾಬರಿಯಾದ ಮರಿ ಜಾಸ್ತಿ ಆಕ್ಸಿಜನ್ ಎಳೆಯುತ್ತದೆ, ಮರಿ ತುಂಬಿ ತರುವ ಚೀಲದ ನೀರೂ ಬೇಗ ಕೆಡುತ್ತದೆ. ಅದಕ್ಕೇ ಕೆಲವರು ಆ ನೀರಿಗೆ ಲವಂಗದ ಎಣ್ಣೆ ಹಾಕುತ್ತಾರೆ. ಅದರಲ್ಲಿರುವ ಯೂಜಿನಾಲ್ ಮೀನಿಗೆ ಮಂಪರು ತರಿಸುತ್ತದೆ.

ಆದರೆ ಸುಮ್ನೆ ಅಂದಾಜಿಗೆ ಸುರಿಯಬೇಡಿ! ಎಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಮೊದಲು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಬೇಕು. ಎಷ್ಟು ಹಾಕಬೇಕು ಅಂತ ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಮೊದಲು ನಾಲ್ಕೈದು ಮರಿಗಳಿಗೆ ಹಾಕಿ ನೋಡಿ. ಮರಿ ಸ್ವಲ್ಪ ನಿಧಾನವಾದರೆ ಸಾಕು. ಹೊಟ್ಟೆ ಮೇಲಾಗಿ ತೇಲಿದರೆ, ಕಿವಿರು ಆಡುವುದು ನಿಂತರೆ ಜಾಸ್ತಿಯಾಗಿದೆ, ತಕ್ಷಣ ಒಳ್ಳೆ ನೀರಿಗೆ ಬಿಡಿ.

ಮಾರುಕಟ್ಟೆಗೆ ಹೋಗುವ ಮೀನಿಗೆ ಬೇಡವೇ ಬೇಡ. ಅದು ತಿನ್ನುವವರ ಹೊಟ್ಟೆಗೆ ಹೋಗುತ್ತದೆ ಅಲ್ವಾ? ಹಿಂದಿನ ದಿನವೇ ಮೇವು ನಿಲ್ಲಿಸುವುದು, ತಂಪು ಹೊತ್ತಿನಲ್ಲಿ ಹೊರಡುವುದು ಎಂದಿನಂತೆ ಇರಲಿ.