ಮನೆಗೆ ಬರುವ ಆತುರ ಬೇಡ

ಮಡಿಕೇರಿ

ಪ್ರೀತಿಯ ಮಗಳೇ,

ನೀನು ತೂಕ ಇಳಿಸುವ ಆಪರೇಷನ್‌ಗೆ ಮನಸ್ಸು ಮಾಡಿದ್ದೀಯ ಅಂತ ನಿನ್ನಮ್ಮ ಫೋನ್‌ನಲ್ಲಿ ಅತ್ತಳು. ನಾನು ಅಳಲಿಲ್ಲ. ಮೂವತ್ನಾಲ್ಕಕ್ಕೇ ಸಕ್ಕರೆ ಕಾಯಿಲೆ, ಎತ್ತರಕ್ಕೆ ತೂಕದ ಲೆಕ್ಕ (ಬಿಎಂಐ) 38, ತೋಟದ ಏರು ಹತ್ತಿದರೆ ಏದುಸಿರು. ನೀನು ಎಷ್ಟು ವರ್ಷ ಬಾಯಿ ಕಟ್ಟಿದ್ದೀಯ ಅಂತ ನಾನು ನೋಡಿದ್ದೇನೆ. ಪಂದಿ ಕರಿ, ಕಡಂಬುಟ್ಟು ಬಿಟ್ಟರೆ ಸಾಕು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಮೈಸೂರಿನ ಆ ಚಿಕ್ಕ ಆಸ್ಪತ್ರೆ ಸಾಕಾ, ಬೆಂಗಳೂರಿಗೇ ಹೋಗಬೇಕಾ ಅಂತ ಕೇಳಿದ್ದೀಯ. ಚಿಕ್ಕದು ಅಂತ ನಾನು ಬೇಡ ಅನ್ನುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇದನ್ನು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. 'ಶ್ರೇಷ್ಠ ಕೇಂದ್ರ' ಅನ್ನುವ ಬೋರ್ಡ್ ಇದ್ದಲ್ಲೂ ಇಲ್ಲದಲ್ಲೂ ಗಂಭೀರ ತೊಂದರೆ ಹೆಚ್ಚುಕಡಿಮೆ ಒಂದೇ ಇತ್ತು. ವರ್ಷಕ್ಕೆ ಕಡಿಮೆ ಕೇಸ್ ಮಾಡುವ ಡಾಕ್ಟರು, ಆಸ್ಪತ್ರೆಗಳಲ್ಲಿ ಮಾತ್ರ ತೊಂದರೆ ಜಾಸ್ತಿ. ಹಾಗಾಗಿ ಮೊದಲು ಅದನ್ನೇ ಕೇಳು. ಕಳೆದ ವರ್ಷ ನೀವು ಎಷ್ಟು ಸ್ಲೀವ್ (ಜಠರ ಚಿಕ್ಕದು ಮಾಡುವ ಈ ಆಪರೇಷನ್) ಮಾಡಿದ್ದೀರಿ, ಎಷ್ಟು ಜನರನ್ನು ಮತ್ತೆ ಟೇಬಲ್ ಮೇಲೆ ಮಲಗಿಸಬೇಕಾಯಿತು? ಸಂಕೋಚ ಬೇಡ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಕೊಳವೆ. ಕತ್ತರಿಸಿದ ಅಂಚಿನ ಉದ್ದಕ್ಕೂ ಸ್ಟೇಪ್ಲರ್ ಪಿನ್ನು. ಎಲ್ಲೋ ಒಂದು ಕಡೆ ಅದು ಬಿಟ್ಟುಕೊಂಡರೆ ಹೊಟ್ಟೆಯೊಳಗೆ ಸೋರುತ್ತದೆ. ಪಳಗಿದ ಕೈಯಲ್ಲಿ ಇದು ನೂರಕ್ಕೆ ಒಬ್ಬರಿಗೆ, ಅದಕ್ಕೂ ಕಡಿಮೆ. ಮೊದಲ ತಿಂಗಳಲ್ಲಿ ಸಾಯುವವರು ಸಾವಿರಕ್ಕೆ ಒಬ್ಬರ ಆಸುಪಾಸು. ಸೋರಿಕೆ ಆಗುವ ಆ ಒಬ್ಬಳು ನೀನಾದರೆ ಆ ಆಸ್ಪತ್ರೆಯಲ್ಲಿ ಏನಿದೆ ಅನ್ನುವುದೇ ನನ್ನ ಚಿಂತೆ.

ನಿನ್ನ ದೊಡ್ಡಪ್ಪನ ಹೊಟ್ಟೆ ಆಪರೇಷನ್ ನೆನಪಿದೆಯಲ್ಲ? ಬೇರೆ ಕಾಯಿಲೆಗೆ ಮಾಡಿಸಿದ್ದು. ಮೂರನೇ ರಾತ್ರಿ ನಾಡಿ 124 ಇತ್ತು. ಜ್ವರ ಇಲ್ಲ, ನೋವೂ ಅಷ್ಟಿಲ್ಲ. ನಾನು ನರ್ಸ್, ನನ್ನ ಎದೆ ಧಸಕ್ಕೆಂದಿತು. ಡ್ಯೂಟಿ ಡಾಕ್ಟರು 'ಗಾಬರಿ ಅಷ್ಟೇ' ಅಂದರು. ಸ್ಕ್ಯಾನ್ ಮಾಡುವವರು ಬೆಳಿಗ್ಗೆ ಬರುತ್ತಾರೆ ಅಂದರು. ಬೆಳಗಾಗುವಷ್ಟರಲ್ಲಿ ಹೊಟ್ಟೆಯೊಳಗೆ ಕೀವು. ಬದುಕಿದರು, ಆದರೆ ನಲವತ್ತು ದಿನ ಆಸ್ಪತ್ರೆಯಲ್ಲೇ ಕಳೆದೆವು. ಆ ರಾತ್ರಿ ಸುಮ್ಮನಿದ್ದದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರು ಇರುತ್ತಾರೆ ಅಂತ ಕೇಳು. ಐಸಿಯು, ಸಿಟಿ ಸ್ಕ್ಯಾನ್, ರಕ್ತ, ಅರಿವಳಿಕೆ ಡಾಕ್ಟರು ಆ ಹೊತ್ತಿಗೆ ಸಿಗುತ್ತಾರಾ? ಇಲ್ಲದಿದ್ದರೆ ಯಾವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಮೊದಲೇ ಮಾತಾಗಿದೆಯಾ? ನೀನು ಗೊರಕೆ ಹೊಡೆಯುತ್ತೀಯಲ್ಲ, ನಿದ್ದೆಯಲ್ಲಿ ಉಸಿರು ನಿಲ್ಲುತ್ತದಾ ಅಂತ ಮೊದಲೇ ಪರೀಕ್ಷೆ ಮಾಡಿಸು. ಆಪರೇಷನ್ ದಿನವೇ ಎಬ್ಬಿಸಿ ನಡೆಸಿದರೆ ಗೊಣಗಬೇಡ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಿರಲಿ ಅಂತ ನಡೆಸುವುದು.

ಎರಡು ಮೂರು ದಿನಕ್ಕೇ ಮನೆಗೆ ಕಳಿಸುತ್ತಾರೆ. ಸೋರಿಕೆ ಎಷ್ಟೋ ಸಲ ಗೊತ್ತಾಗುವುದು ಆಮೇಲೆ, ಎರಡನೇ ವಾರದಲ್ಲೂ ಆಗಬಹುದು. ಆಗ ನೀನು ಮಡಿಕೇರಿಯಲ್ಲಿದ್ದರೆ ನಡುವೆ 120 ಕಿಲೋಮೀಟರ್ ರಸ್ತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಈ ಆಪರೇಷನ್ ಬೇಡವೇ ಬೇಡ. ಕಾಫಿ ಕೊಯ್ಲು ಮುಗಿಯಲಿ, ಮಾರ್ಚ್‌ನಲ್ಲಿ ಮಾಡಿಸು. ಹದಿನೈದು ದಿನ ಮೈಸೂರಿನ ಚಿಕ್ಕಮ್ಮನ ಮನೆಯಲ್ಲೇ ಇರು. ನಾಡಿ 120 ದಾಟಿದರೆ, ಎಡ ಭುಜ ನೋವಾದರೆ, ಉಸಿರು ಸಿಗದಿದ್ದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ.

ಇನ್ನೊಂದು. ದಿನಗಟ್ಟಲೆ ವಾಂತಿ ಆದರೆ ಹತ್ತಿರದ ಕ್ಲಿನಿಕ್‌ನಲ್ಲಿ ಸುಮ್ನೆ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳಬೇಡ. ಮೊದಲು ಬಿ1 ವಿಟಮಿನ್ ಕೊಡಬೇಕು, ಇಲ್ಲದಿದ್ದರೆ ಮಿದುಳಿಗೇ ಪೆಟ್ಟು. ಸಕ್ಕರೆ ಮಾತ್ರೆಯನ್ನೂ ಮೊದಲಿನಷ್ಟೇ ನುಂಗಬೇಡ, ಡಾಕ್ಟರನ್ನು ಕೇಳಿ ಕಡಿಮೆ ಮಾಡಿಸು. ಮಗು ಬೇಕು ಅನ್ನುವ ಆಸೆ ಇದೆಯಲ್ಲ, ಅದಕ್ಕೆ ಒಂದೂವರೆ ವರ್ಷ ತಡೆದುಕೋ.

ಡಾಕ್ಟರ ಹತ್ತಿರ ಒಬ್ಬಳೇ ಹೋಗಬೇಡ. ದಿನ ಗೊತ್ತುಮಾಡಿ ತಿಳಿಸು, ನಾನೂ ಬರುತ್ತೇನೆ. ರಾತ್ರಿ ಪಾಳಿಯ ವಿಷಯ ನಾನೇ ಕೇಳುತ್ತೇನೆ.

ನಿನ್ನ ದೊಡ್ಡಮ್ಮ