ಹಳೆಯ ಕಾರ್ಟೂನಿನ ಬಗ್ಗೆ ಬರೆಯುವ ಮುನ್ನ

ಪ್ರಿಯ ಗೆಳೆಯರೇ,

ಟಾಮ್ ಅಂಡ್ ಜೆರ್ರಿಯ ಮನೆಯಲ್ಲಿ ಪೊರಕೆ ಹಿಡಿದು ಓಡಾಡುವ ಕೆಲಸದವಳ ಬಗ್ಗೆ, ಆಕೆಯನ್ನು ತೋರಿಸಿದ ಬಗೆ ಜನಾಂಗದ ಅಣಕವೇ ಎಂದು, ಬರೆಯುತ್ತೇನೆಂದಿರಿ. ಸಂತೋಷವಾಯಿತು. ಮೊದಲು ಇದೊಂದನ್ನು ಖಚಿತಪಡಿಸಿಕೊಳ್ಳಿ: ನೀವು ನೋಡಿದ್ದು ಯಾವ ಪ್ರತಿ?

1940ರಿಂದ 1952ರವರೆಗಿನ ಮೂಲ ಚಿತ್ರಗಳಲ್ಲಿ ಆಕೆ ಕಪ್ಪು ಹೆಂಗಸು. ದನಿ ನಟಿ ಲಿಲಿಯನ್ ರಾಂಡಾಲ್ಫ್ ಅವರದು. 1960ರ ದಶಕದಲ್ಲಿ ಟಿವಿಗಾಗಿ ಕೆಲವು ಚಿತ್ರಗಳಲ್ಲಿ ಆಕೆಯನ್ನು ತೆಗೆದು ತೆಳ್ಳನೆಯ ಬಿಳಿ ಹೆಂಗಸನ್ನು ಬರೆದು ಸೇರಿಸಿದರು. 1990ರ ದಶಕದಲ್ಲಿ ಚಿತ್ರವನ್ನು ಮುಟ್ಟದೆ, ಥಿಯಾ ವಿಡೇಲ್ ಅವರಿಂದ ಮಾತನ್ನಷ್ಟೇ ಹೊಸದಾಗಿ ಆಡಿಸಿದರು. ತಿದ್ದಿದ ಪ್ರತಿ ನೋಡಿ ಮೂಲದ ಮೇಲೆ ತೀರ್ಪು ಕೊಟ್ಟರೆ ಲೇಖನ ಅಲ್ಲೇ ಬಿದ್ದುಹೋಗುತ್ತದೆ.

ಮೂಲ ಪ್ರತಿ ಸಿಕ್ಕ ಮೇಲೆ ಮೂರು ಸಲ ನೋಡಿ. ಏಳೆಂಟು ನಿಮಿಷದ್ದು ತಾನೆ. ಒಮ್ಮೆ ಸದ್ದಿಲ್ಲದೆ: ಚಿತ್ರ ಹೆಚ್ಚಾಗಿ ಆಕೆಯ ಕಾಲು, ಲಂಗ, ಕೈಯನ್ನೇ ತೋರಿಸುತ್ತದೆ, ಮುಖವನ್ನಲ್ಲ. ಒಮ್ಮೆ ಕಣ್ಣು ಮುಚ್ಚಿ, ರಾಂಡಾಲ್ಫ್ ಅವರ ದನಿಗಾಗಿ. ಮೂರನೆಯ ಸಲ ಪೆನ್ನು ಹಿಡಿದು, ಪ್ರತಿ ನಗೆಯ ಎದುರು ನಿಮಿಷ-ಸೆಕೆಂಡು ಬರೆದು, ಪೆಟ್ಟು ತಿಂದವರು ಯಾರು, ನಗಿಸಿದ್ದು ಏನು ಎಂದು ಗುರುತು ಹಾಕಿಕೊಳ್ಳಿ. ಮೊದಲ ಚಿತ್ರದಲ್ಲಿ, ಇನ್ನೊಂದು ಸಾಮಾನು ಒಡೆದರೆ ಮನೆಯಿಂದಾಚೆಗೆ ಎಂದು ಬೆಕ್ಕಿಗೆ ಎಚ್ಚರಿಸುವವಳು ಆಕೆ. ಇಲಿಯ ಆಟವೆಲ್ಲ ಆ ಬೆದರಿಕೆಯ ಮೇಲೇ ನಿಂತಿದೆ. ಕಥೆಯ ಕೀಲಿ ಕೈಯಲ್ಲಿದ್ದೂ ಮುಖವಿಲ್ಲದವಳು! ಎರಡನ್ನೂ ಬರೆಯಿರಿ, ಒಂದನ್ನು ಬಿಟ್ಟರೆ ಸುಳ್ಳಾಗುತ್ತದೆ.

ಪಾತ್ರದ ಬಣ್ಣ ಬದಲಿಸಿದರೂ ನಗೆ ಉಳಿಯುತ್ತದೆಯೇ ಎಂದು ಪ್ರತಿ ಸಲ ಕೇಳಿಕೊಳ್ಳಿ. ಇಲಿಗೆ ಹೆದರಿ ಯಾರು ಸ್ಟೂಲ್ ಹತ್ತಿದರೂ ನಗು ಬರುತ್ತದೆ. ಸ್ಫೋಟದ ಮಸಿ ಮೆತ್ತಿ ಟಾಮ್ ಕಪ್ಪು ಮುಖ, ಪುಟ್ಟ ಜಡೆಗಳ ವೇಷವಾಗುವಲ್ಲಿ ಮಾತ್ರ ಬಣ್ಣ ತೆಗೆದರೆ ಏನೂ ಮಿಗುವುದಿಲ್ಲ.

ಬೇರೆ ಕಾರ್ಟೂನಿನ ಸ್ಪೀಡಿ ಗೊಂಜಾಲೆಸ್ ಇನ್ನೂ ತೊಡಕಿನವನು. ಮೆಕ್ಸಿಕೋದ ಈ ಚುರುಕು ಇಲಿಯ 1955ರ ಚಿತ್ರಕ್ಕೆ ಆಸ್ಕರ್ ಬಂತು. ಮುಂದೆ ಕಾರ್ಟೂನ್ ನೆಟ್‌ವರ್ಕ್ ಅವನನ್ನು ನಿಲ್ಲಿಸಿದಾಗ ವಾಪಸು ಬೇಕೆಂದು ಕೇಳಿದವರಲ್ಲಿ ಲ್ಯಾಟಿನೋ ಮೂಲದವರೂ ಇದ್ದರು. ಆದರೆ ಅವನ ಸುತ್ತಲಿನ ಇಲಿಗಳನ್ನು ನೋಡಿ: ಎಷ್ಟೋ ಕಡೆ ಸೋಮಾರಿಗಳು, ಕುಡುಕರು.

‘ಆ ಕಾಲವೇ ಹಾಗಿತ್ತು’ ಎಂದು ದಯವಿಟ್ಟು ಬರೆಯಬೇಡಿ. ವಾರ್ನರ್‌ನವರ ‘ಕೋಲ್ ಬ್ಲ್ಯಾಕ್’ ಎಂಬ, ಕಪ್ಪು ಜನರನ್ನು ಅಣಕಿಸುವ ಕಾರ್ಟೂನು 1943ರಲ್ಲಿ ಬಂದಾಗಲೇ ಅವರ ಹಕ್ಕಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿ ಪ್ರತಿಭಟಿಸಿತ್ತು. ಆ ಕಾಲದಲ್ಲಿ ಅವರೂ ಇದ್ದರು.

ಇನ್ನು ಟಾಮ್ ಮನೆಯ ಆ ಹೆಂಗಸಿನ ಮಾತನ್ನು ಕನ್ನಡಕ್ಕೆ ತರುವಾಗ ಕೈ ತಡೆಯಿರಿ. ಕೆಲಸದವಳೆಂದ ಕೂಡಲೇ ಹಳ್ಳಿಯ ಮಾತನ್ನೋ ಉತ್ತರ ಕರ್ನಾಟಕದ ಮಾತನ್ನೋ ಬಾಯಿಗೆ ಹಾಕುವ ಚಾಳಿ ನಮ್ಮಲ್ಲಿದೆ. ಅಮೆರಿಕದ ಪಡಿಯಚ್ಚನ್ನು ವಿವರಿಸಲು ಹೋಗಿ ನಮ್ಮದೇ ಇನ್ನೊಂದನ್ನು ಒತ್ತಿದಂತಾಗುತ್ತದೆ. ಸರಳ ಆಡುಮಾತಿನಲ್ಲಿ ಅರ್ಥ ಕೊಡಿ. ದನಿಯ ಏರಿಳಿತವನ್ನು ಪಕ್ಕದಲ್ಲಿ ನಿಮ್ಮ ಮಾತಿನಲ್ಲೇ ವಿವರಿಸಿ.

ಕರಡು ಕಳಿಸಿ, ಓದುತ್ತೇನೆ.